ಭಾವನಿಗೆ ನಾನಿಟ್ಟ ಹೆಸರು

ನಾನು ಬದುಕಿನಲ್ಲಿ ಕೊಂಡ ಅತ್ಯಂತ ದುಬಾರಿ ಸಾಮಾನು ಒಂದು ಪದ. ನಾಲ್ಕೇ ಅಕ್ಷರದ್ದು. ಅದನ್ನು ಒಂದು ಸಲ, ಒಂದೇ ಸಲ, ಬಾಯಿಬಿಟ್ಟು ಆಡಿದ್ದಕ್ಕೆ ನನ್ನಕ್ಕ ಎಂಟು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಎಂಟು ವರ್ಷ ಎಂದರೆ ಎಂಟು ಗೌರಿ ಹಬ್ಬ. ನಾನು ತುಮಕೂರಿನ ಪೇಟೆಯಲ್ಲಿ ಸ್ಟೀಲ್ ಪಾತ್ರೆ ಮಾರಿ ಮೇಲೆ ಬಂದವನು. ಹೇಳಿದ ಬೆಲೆಗೆ ಒಂದು ಸೌಟನ್ನೂ ಕೊಂಡವನಲ್ಲ. ಈ ಒಂದು ಸಾಮಾನಿಗೆ ಮಾತ್ರ ಚೌಕಾಸಿ ನಡೆಯಲಿಲ್ಲ. ಕೇಳಿದಷ್ಟನ್ನೂ ತೆತ್ತೆ. ಯಾಕೆ ತೆತ್ತೆ ಎಂದು ತಿಳಿಯಬೇಕಾದರೆ ನಮ್ಮ ಭಾವನ ವಿಷಯ ತಿಳಿಯಬೇಕು.

ಭಾವ, ಅಂದರೆ ಅಕ್ಕನ ಗಂಡ, ಗುಬ್ಬಿಯಲ್ಲಿ ಟೈಲರ್. ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಅವರಷ್ಟು ಪೂರ್ತಿಯಾಗಿ ತಲೆ ಕೆಟ್ಟವರು ಇನ್ನೊಬ್ಬರಿರಲಿಲ್ಲ. ಅವರಷ್ಟು ನೆಟ್ಟಗೆ ಕತ್ತರಿ ಹಿಡಿಯುವವರೂ ಇರಲಿಲ್ಲ. ಎರಡೂ ಒಬ್ಬರಲ್ಲೇ ಇರಲು ಸಾಧ್ಯವೇ? ಟೆಂಟು ಸಿನಿಮಾ ಇರುವ ಊರಿನಲ್ಲಿ ಎಲ್ಲವೂ ಸಾಧ್ಯ!

ಅವರ ತಲೆ ಕೆಡಿಸಿದ್ದು ಒಬ್ಬ ಸಿನಿಮಾ ನಟರು. ಹೆಸರು ಹೇಳುವುದಿಲ್ಲ. ಹೇಳಿದರೆ ಓದುಗರಲ್ಲಿ ಅರ್ಧ ಜನ ಕಣ್ಣಿಗೊತ್ತಿಕೊಳ್ಳುತ್ತಾರೆ, ಇನ್ನರ್ಧ ಜನ ನನ್ನ ಅಂಗಡಿ ಎಲ್ಲಿದೆ ಎಂದು ವಿಚಾರಿಸುತ್ತಾರೆ. ಭಾವನೂ ಅವರ ಹೆಸರು ಹಿಡಿದು ಹೇಳುತ್ತಿರಲಿಲ್ಲ. ‘ನಮ್ಮೋರು’ ಅನ್ನುತ್ತಿದ್ದರು. ಇದರಿಂದ ಮನೆಯಲ್ಲಿ ದಿನಾ ಗೊಂದಲ. ನಮ್ಮಕ್ಕ ನೆರೆಮನೆಯವರ ಹತ್ತಿರ ‘ನಮ್ಮೋರಿಗೆ ಎರಡು ದಿನದಿಂದ ಜ್ವರ’ ಎಂದರೆ ಅದು ಭಾವ. ಭಾವ ಅಂಗಡಿಯಲ್ಲಿ ‘ನಮ್ಮೋರಿಗೆ ಎರಡು ದಿನದಿಂದ ಜ್ವರ’ ಎಂದರೆ ಅದು ಮದರಾಸಿನಲ್ಲಿರುವವರು. ತನಗೆ ಜ್ವರ ಬಂದಾಗ ಭಾವ ಕಷಾಯ ಕುಡಿದು ಹೊಲಿಗೆಗೆ ಕೂರುತ್ತಿದ್ದರು. ಮದರಾಸಿನವರಿಗೆ ಬಂದರೆ ಅಂಗಡಿ ಬಾಗಿಲು ಹಾಕುತ್ತಿದ್ದರು.

ಇಂಥವರನ್ನು ಕರೆಯಲು ನಮ್ಮ ಕಡೆ ಎಷ್ಟೊಂದು ಪದಗಳು! ಪಾತ್ರೆ ಅಂಗಡಿಯಲ್ಲಿ ತಟ್ಟೆಗಳನ್ನು ಗೇಜು, ಅಂದರೆ ತಗಡಿನ ದಪ್ಪ, ನೋಡಿ ಬೇರೆ ಬೇರೆ ಜೋಡಿಸುತ್ತೇವಲ್ಲ, ಹಾಗೆ ಈ ಪದಗಳಿಗೂ ಗೇಜಿದೆ. ಎಲ್ಲಕ್ಕಿಂತ ದಪ್ಪದ್ದು ‘ಅಭಿಮಾನಿ’. ಅದು ಗೋಡೆಯ ಮೇಲೆ ಬರೆಯುವ, ಬ್ಯಾನರಿನಲ್ಲಿ ಕಟ್ಟುವ ಪದ. ‘ನಮ್ಮ ಯಜಮಾನರು ಅಭಿಮಾನಿ’ ಎಂದು ಹೇಳಿದ ಒಬ್ಬ ಹೆಂಗಸನ್ನೂ ನಾನು ಇನ್ನೂ ನೋಡಿಲ್ಲ! ಅದಕ್ಕಿಂತ ಸ್ವಲ್ಪ ತೆಳು ‘ಫ್ಯಾನು’. ಇದು ತುಮಕೂರಿನ ಕಾಲೇಜು ಹುಡುಗರ ಮಾಲು, ನೋಡಲು ಹೊಳಪು, ಒಂದು ವರ್ಷ ಬಳಸಿದರೆ ಸೊಟ್ಟಗಾಗುತ್ತದೆ. ಮುಂದೆ ‘ಕಟ್ಟಾ’ ಸೇರಿಸಿದರೆ ಹಿಡಿ ಹಾಕಿಸಿದ ಹಾಗೆ, ಸ್ವಲ್ಪ ತಡೆಯುತ್ತದೆ. ಆಮೇಲೆ ದಿನಬಳಕೆಯ ‘ಪಿಚ್ಚರ್ ಹುಚ್ಚ’. ಇದನ್ನು ಗುಬ್ಬಿಯಲ್ಲಿ ಯಾರಿಗೆ ಬೇಕಾದರೂ ಅನ್ನಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಕೆಲವರು ಕಾಫಿಯನ್ನೂ ಕುಡಿಸುತ್ತಾರೆ. ಕುಣಿಗಲ್ ಕಡೆ ‘ತಿಕ್ಲು’ ಎನ್ನುತ್ತಾರೆ. ಅದರಲ್ಲಿ ಚೂರು ಪ್ರೀತಿ, ಬಾಕಿಯೆಲ್ಲ ಗಾಬರಿ. ನಮ್ಮಕ್ಕ ತನ್ನ ಸ್ವಂತ ಬಳಕೆಗೆ ಒಂದು ಪದ ಮಾಡಿಕೊಂಡಿದ್ದಳು: ‘ಪರದೆ ಪಿಶಾಚಿ’. ‘ಏಳ್ರೀ, ಪರದೆ ಪಿಶಾಚಿ, ಮುದ್ದೆ ಆರೋಗ್ತದೆ’ ಅನ್ನುತ್ತಿದ್ದಳು. ಭಾವ ಎದ್ದು ಬರುತ್ತಿದ್ದರು. ಇವೆಲ್ಲಕ್ಕಿಂತ ಕೆಳಗೆ, ಬಾಗಿಲ ಹೊರಗೆ ಗುಡ್ಡೆ ಹಾಕುವ ಮಾಲು ‘ಚೇಲ’, ‘ಬಾಲ’ ಇತ್ಯಾದಿ. ಹುಚ್ಚನಿಗೆ ತನ್ನದೇ ಒಂದು ತಲೆ ಇರುತ್ತದೆ, ಅದು ಕೆಟ್ಟಿರುತ್ತದೆ, ಅಷ್ಟೇ. ಚೇಲನಿಗೆ ತಲೆಯೇ ಇಲ್ಲ. ಈ ವ್ಯತ್ಯಾಸ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಅದು ಮುಂದಿನ ಮಾತು.

ಭಾವ ಸಿನಿಮಾ ನೋಡುವ ಕ್ರಮ ಬೇರೆಯವರಂತಲ್ಲ. ಒಂದೊಂದು ಸಿನಿಮಾವನ್ನು ಕಡಿಮೆ ಎಂದರೆ ನಾಲ್ಕು ಸಲ ನೋಡುತ್ತಿದ್ದರು. ಮೊದಲನೆಯ ಸಲ ದರ್ಶನಕ್ಕೆ. ಕಥೆ, ಹಾಡು, ಶಿಳ್ಳೆ ಎಲ್ಲ ಅವತ್ತೇ. ಎರಡನೆಯ ಸಲ ಕಾಲರಿಗೆ. ಮೂರನೆಯದು ತೋಳು ಮತ್ತು ಕಫ್ಫಿಗೆ. ನಾಲ್ಕನೆಯದು ಬೆನ್ನಿಗೆ. ಈ ಬೆನ್ನಿನದೇ ಕಷ್ಟ! ಹೀರೋ ಆದವನು ಜನಕ್ಕೆ ಬೆನ್ನು ತೋರಿಸುತ್ತಾನೆಯೇ? ಇಡೀ ಸಿನಿಮಾದಲ್ಲಿ ಎರಡೋ ಮೂರೋ ಸಲ, ಅದೂ ಅಮ್ಮನನ್ನು ಬಿಟ್ಟು ಹೋಗುವಾಗ. ಪಕ್ಕದಲ್ಲಿ ಕೂತ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ ನಮ್ಮ ಭಾವ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಬೆನ್ನಿನ ಮೇಲೆ ನೆರಿಗೆ ಒಂದೋ ಎರಡೋ ಎಂದು ಎಣಿಸುತ್ತಿದ್ದರು. ಹೀಗೆ ನೋಡಿ ಬಂದು ಹಳೇ ಪೇಪರಿನ ಮೇಲೆ ಗೆರೆ ಹಾಕಿ, ಕತ್ತರಿಸಿ, ಸಿನಿಮಾದ ಶರಟನ್ನು ಚಾಚೂ ತಪ್ಪದೆ ಇಳಿಸುತ್ತಿದ್ದರು. ಕಲಿಸಿದವರು ಯಾರೂ ಇಲ್ಲ. ಬೆಂಗಳೂರಿನಲ್ಲಿ ಹುಟ್ಟಿದ್ದರೆ ಅವರ ಲೆಕ್ಕವೇ ಬೇರೆಯಾಗುತ್ತಿತ್ತು ಎಂದು ನಾನು ಆಗಾಗ ಹೇಳುತ್ತಿದ್ದೆ. ನನ್ನ ಸಲಹೆಗೆ ಯಾವತ್ತೂ ಬರವಿರಲಿಲ್ಲ.

ಕೊರತೆ ಒಂದೇ: ಗಿರಾಕಿ ಏನು ಕೇಳಿದ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಸಿ.ಎಸ್. ಪುರದ ಗೌಡರೊಬ್ಬರು ಮಗಳ ಮದುವೆಗೆಂದು ಒಂದು ಬಿಳೀ ಬಟ್ಟೆ ಕೊಟ್ಟು, ಸಾದಾ ತುಂಬುತೋಳಿನ ಶರಟು ಹೊಲಿಯಲು ಹೇಳಿ ಹೋದರು. ಮದುವೆಗೆ ಎರಡು ದಿನ ಇರುವಾಗ ಬಂದು ಬಿಚ್ಚಿ ನೋಡುತ್ತಾರೆ: ಭುಜದ ತನಕ ಇಳಿದ ನಾಯಿಕಿವಿ ಕಾಲರ್, ಎದೆಗೆ ಎರಡು ಮುಚ್ಚಳದ ಜೇಬು, ಹೆಗಲಿಗೆ ಪೊಲೀಸರ ಹಾಗೆ ಪಟ್ಟಿ! ಆ ಹೊತ್ತಿಗೆ ನಾನು ಅಂಗಡಿಯಲ್ಲೇ ಇದ್ದೆ.

“ಏನಪ್ಪಾ ಇದು? ನಾನು ಹೆಣ್ಣಿನ ತಂದೆ ಕಣಪ್ಪಾ, ಧಾರೆ ಎರೆಯೋನು! ಇದನ್ನ ಹಾಕ್ಕಂಡ್ ನಿಂತ್ರೆ ಬೀಗ್ರು ಏನಂದಾರು?”

“ಬೀಗ್ರು ಎದ್ದು ನಿಂತ್ಕತಾರೆ ಗೌಡ್ರೆ. ನಮ್ಮೋರು ಹೊಸ ಪಿಚ್ಚರ್‌ನಲ್ಲಿ ಜಮೀನ್ದಾರನ ಎದ್ರು ನಿಂತಾಗ ಹಾಕಿದ್ದು ಇದೇ ಶರಟು!”

“ನಿಮ್ಮೋರು ನಿಂತ್ರೆ ಹಾಡು ಬತ್ತದೆ. ನಾನು ನಿಂತ್ರೆ ನಗು ಬತ್ತದೆ ಕಣಯ್ಯ!”

ಬೇರೆ ಶರಟಿಗೆ ಸಮಯವಿರಲಿಲ್ಲ. ಗೌಡರು ಬೈದುಕೊಂಡೇ ಹಾಕಿಕೊಂಡರು. ಮದುವೆ ಮುಗಿದ ಮಾರನೆಯ ವಾರ ಅದೇ ಗೌಡರು ಅಂಗಡಿಗೆ ಬಂದರು. ಹಿಂದೆ ಗಂಡಿನ ಕಡೆಯ ಐದು ಜನ, ಐದೂ ಜನರ ಕಂಕುಳಲ್ಲಿ ಬಟ್ಟೆ. ಮದುವೆಯಲ್ಲಿ ಎಲ್ಲರೂ ಗಂಡನ್ನು ಬಿಟ್ಟು ಮಾವನನ್ನೇ ನೋಡಿದರಂತೆ!

ಗುಬ್ಬಿಯ ಅಭಿಮಾನಿ ಸಂಘಕ್ಕೆ ಭಾವನೇ ಅಧ್ಯಕ್ಷರು. ಸಂಘದ ಮುಖ್ಯ ಕೆಲಸವೆಂದರೆ ಪೆಟ್ಟಿಗೆ ಬರಮಾಡಿಕೊಳ್ಳುವುದು. ಆ ಕಾಲದಲ್ಲಿ ಸಿನಿಮಾದ ರೀಲುಗಳು ತಗಡಿನ ಪೆಟ್ಟಿಗೆಯಲ್ಲಿ ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದವು. ‘ನಮ್ಮೋರ’ ಪೆಟ್ಟಿಗೆ ಬರುವ ದಿನ ಬಸ್ ಸ್ಟ್ಯಾಂಡಿನಲ್ಲಿ ವಾಲಗದವರು, ಹೂವಿನ ಹಾರ, ಆರತಿ ತಟ್ಟೆ, ಈಡುಗಾಯಿ. ಅಲ್ಲಿಂದ ಟೆಂಟಿನ ತನಕ ಪೆಟ್ಟಿಗೆಯ ಮೆರವಣಿಗೆ. ಆರತಿ ತಟ್ಟೆ ನನ್ನ ಅಂಗಡಿಯದು. ಅದರ ಅಂಚಿನಲ್ಲಿ ಅಂಗಡಿಯ ಹೆಸರು ಕೊರೆಸಿಯೇ ಕೊಟ್ಟಿದ್ದೆ. ಭಕ್ತಿ ಅವರದು, ಪ್ರಚಾರ ನನ್ನದು!

ಒಂದು ಸಲ ಪೆಟ್ಟಿಗೆ ಇಳಿಯಿತು, ಹಾರ ಬಿತ್ತು, ಬಸ್ಸು ಮುಂದಿನ ಊರಿಗೆ ಹೋಯಿತು. ಭಾವ ನಡುರಸ್ತೆಯಲ್ಲಿ, ಧೂಳಿನಲ್ಲಿ, ಪೆಟ್ಟಿಗೆಗೆ ಉದ್ದಕ್ಕೂ ಅಡ್ಡಬಿದ್ದರು. ವಾಲಗ ಊದಿಸಿಕೊಂಡು ಟೆಂಟಿಗೆ ತಂದರು. ಟೆಂಟಿನ ಯಜಮಾನರು ಮುಚ್ಚಳ ತೆಗೆದು ಒಳಗಿನ ಚೀಟಿ ಓದಿದರು. ಮತ್ತೊಂದು ಸಲ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು:

“ಟೈಲರ್ರೇ, ಯಾವ್ ಪೆಟ್ಟಿಗೆಗೆ ಆರತಿ ಎತ್ತಿದ್ರಿ?”

ಅದು ಆ ಕಡೆಯವರ ಪೆಟ್ಟಿಗೆ! ಯಾವ ನಟನ ಪೋಸ್ಟರು ಕಂಡರೆ ನಮ್ಮ ಭಾವ ರಸ್ತೆಯ ಆ ಬದಿಗೆ ದಾಟಿ ನಡೆಯುತ್ತಿದ್ದರೋ ಆ ನಟನ ಸಿನಿಮಾ. ‘ನಮ್ಮೋರು’ ಹಾರ ಆರತಿ ಇಲ್ಲದೆ ಟಾಪಿನ ಮೇಲೆ ಕೂತು ಮುಂದಿನ ಊರಿಗೆ ಹೋಗಿಬಿಟ್ಟಿದ್ದರು. ಸಂಜೆ ಟೆಂಟಿನವರಿಗೆ ಬೇರೆ ದಾರಿಯಿರಲಿಲ್ಲ, ಇದ್ದದ್ದನ್ನೇ ಓಡಿಸಿದರು. ಟಿಕೆಟ್ ಕೊಂಡಿದ್ದ ಸಂಘದವರು ಎದ್ದು ಹೋಗುವ ಹಾಗಿಲ್ಲ, ಶಿಳ್ಳೆ ಹೊಡೆಯುವ ಹಾಗಿಲ್ಲ. ಮೂರು ಗಂಟೆ ಸಾವಿನ ಮನೆಗೆ ಬಂದವರ ಹಾಗೆ ಕೈಕಟ್ಟಿ ಕೂತಿದ್ದರು. ವಾರದೊಳಗೆ ಕುಣಿಗಲ್ಲಿನ ಆ ಕಡೆಯ ಸಂಘದಿಂದ ಒಂದು ಕಾರ್ಡು ಬಂತು: ‘ನಮ್ಮ ನಾಯಕರಿಗೆ ತಾವು ಮಾಡಿದ ಸತ್ಕಾರಕ್ಕೆ ಧನ್ಯವಾದಗಳು. ಇನ್ನು ಮುಂದೆಯೂ ಹೀಗೇ ಸಹಕರಿಸಬೇಕು.’

ಭಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: “ಆ ಬಡ್ಡಿಮಗಂದು ಕೋಟಿನ ಫಿಟಿಂಗ್ ಮಾತ್ರ ಬೋ ಚೆನ್ನಾಗಿತ್ತು ಕಣಯ್ಯಾ. ಯಾರಿಗೂ ಹೇಳ್‌ಬ್ಯಾಡ.”

ನಾನು ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ. ನೋಡಿ, ಕೆಲವು ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನನಗೂ ಬರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹುತ್ರಿದುರ್ಗದ ಬೆಟ್ಟದಲ್ಲಿ ಶೂಟಿಂಗು, ‘ನಮ್ಮೋರು’ ಸಾಕ್ಷಾತ್ತಾಗಿ ಬರುತ್ತಾರೆ ಎಂದು ಸುದ್ದಿ ಬಂತು. ಭಾವ ತುಮಕೂರಿಗೆ ಬಂದವರೇ ನನ್ನನ್ನು ಅಂಗಡಿಯ ನಡುವೆ ನಿಲ್ಲಿಸಿ ಟೇಪು ಹಿಡಿದರು.

“ಏನ್ ಭಾವ ಇದು?”

“ಸುಮ್ನೆ ನಿಂತ್ಕಳಯ್ಯ. ಅವರಿಗೊಂದು ಶರಟು ಹೊಲೀತಿದೀನಿ. ಕಾಲರು, ಕಫ್ಫು ಪರದೆ ಮ್ಯಾಲೆ ಹಿಡೀಬೋದು, ಅಳತೆ ಹಿಡಿಯಕಾಗಲ್ಲ. ನಮ್ಮೋರ ಭುಜ, ನಿನ್ ಭುಜ ಒಂದೇ. ಮೊದಲ್ನೇ ದಿನಾನೇ ನೋಡ್ಕಂಡಿದೀನಿ.”

“ಹೊಟ್ಟೆ?”

“ಹೊಟ್ಟೆ ನಿಂದು. ಅದನ್ನ ಕಳೀತೀನಿ ಬುಡು.”

ನನ್ನ ಭುಜ ಅಂಥದ್ದೆಂದು ಆ ತನಕ ಯಾರೂ ಹೇಳಿರಲಿಲ್ಲ. ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ.

ತಿಳಿನೀಲಿ ಟೆರಿಲಿನ್ ಬಟ್ಟೆ. ಹದಿನೈದು ದಿನ ಹೊಲಿದರು. ಗುಂಡಿಯ ಕಾಜಾಗಳನ್ನು ಕೈಯಲ್ಲೇ ಹಾಕಿದರು. ಹೊರಡುವ ದಿನ ಅಕ್ಕ ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದಳು: “ನೀನೂ ಜೊತೆಗೋಗೋ. ಅವರಿಗೆ ಆ ಕಡೆ ಜ್ಞಾನ ಹೋದ್ರೆ ಈ ಕಡೆ ಏನೂ ಕಾಣ್ಸಲ್ಲ. ಜನ ತಳ್ಳಾಡ್ದಂಗೆ ನೋಡ್ಕ. ನಗೋ ಜನ ನಗ್ಲಿ, ಜೊತೇಲಿ ನೀನಿರ್ತೀಯಲ್ಲ.”

ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ಹೋದೆವು. ಬೆಟ್ಟದ ಬುಡದಲ್ಲಿ ಸುತ್ತಮುತ್ತಲ ಜನವೆಲ್ಲ ಸೇರಿತ್ತು. ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಶಾಮಿಯಾನ, ಛತ್ರಿ, ಕುರ್ಚಿ; ಈಚೆ ನಾವು. ಭಾವ ಶರಟಿನ ಪೊಟ್ಟಣವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಬಿಸಿಲಿನಲ್ಲಿ ನಿಂತರು. ಬೆವರು ತಾಗಬಾರದಲ್ಲ!

ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಕಣ್ಣು ಊಟದ ತಟ್ಟೆಗಳ ಮೇಲೆ ಬಿತ್ತು. ಸೊಟ್ಟ ತಟ್ಟೆಗಳು, ಸಾಲದು ಬೇರೆ. ಅಡುಗೆ ಕಂಟ್ರಾಕ್ಟು ಹಿಡಿದವರು ನನಗೆ ತುಮಕೂರಿನಲ್ಲಿ ಮುಖಪರಿಚಯದವರು. ಕೈಯೆತ್ತಿದೆ. ‘ಬನ್ನಿ ಸಾಹುಕಾರ್ರೇ’ ಎಂದು ಹಗ್ಗ ಎತ್ತಿ ಒಳಕ್ಕೆ ಬಿಟ್ಟರು. ಸಾಹುಕಾರ! ಶಾಮಿಯಾನದ ಕೆಳಗೆ ಕುರ್ಚಿ ಕೊಟ್ಟರು. ಪಕ್ಕದಲ್ಲಿ ಸಫಾರಿ ಹಾಕಿದ ಸಿನಿಮಾ ಕಂಪನಿಯ ಮ್ಯಾನೇಜರು. ಮುನ್ನೂರು ತಟ್ಟೆ, ಮುನ್ನೂರು ಲೋಟದ ಮಾತು ಶುರುವಾಯಿತು. ಅವರು ಒಂದು ಹೇಳಿದರು, ನಾನು ಒಂದು ಹೇಳಿದೆ. ಅವರು ತಲೆ ಕೆರೆದುಕೊಂಡರು. ವ್ಯಾಪಾರ ಗೊತ್ತಿದ್ದವರಿಗೆ ಈ ಗಳಿಗೆ ಗೊತ್ತು. ಎದುರಿನವನು ತಲೆ ಕೆರೆದುಕೊಂಡಾಗ ಉಸಿರೂ ಬಿಡಬಾರದು. ಆಗ ಹಗ್ಗದ ಆಚೆಯಿಂದ ಕೂಗು ಬಂತು.

“ಏನಯ್ಯಾ! ಲೋ, ಇಲ್ನೋಡಯ್ಯಾ! ಅವರಿಗೊಂದ್ ಮಾತು ಹೇಳಯ್ಯಾ! ಐದೇ ನಿಮಿಷ!”

ಭಾವ. ಮುಖವೆಲ್ಲ ಬೆವರು. ಎರಡೂ ಕೈ ಮೇಲೆ, ಕೈಯಲ್ಲಿ ಪೊಟ್ಟಣ. ಕಾವಲಿನವರು ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳುತ್ತಿದ್ದರು. ಮ್ಯಾನೇಜರು ಕತ್ತು ಹೊರಳಿಸಿ ನೋಡಿ ನನ್ನನ್ನು ಕೇಳಿದರು: “ಯಾರ್ರೀ ಅದು? ನಿಮ್ಮ ಕಡೆಯೋರಾ?”

ನಾನು ಹೇಳಿದೆ: “ಛೆ ಛೆ, ನಂಗೊತ್ತಿಲ್ಲ ಸಾರ್. ಯಾವನೋ ಬಾಲಂಗೋಚಿ.”

ಗಾಳಿಪಟಕ್ಕೆ ಕಟ್ಟುತ್ತಾರಲ್ಲ, ಆ ಬಟ್ಟೆಯ ಚೂರು. ಮ್ಯಾನೇಜರು ನಕ್ಕರು. ಕಂಟ್ರಾಕ್ಟರು ನಕ್ಕರು. ನಾನೂ ನಕ್ಕೆ. ನನ್ನದು ಅಂಗಡಿಯವನ ಗಂಟಲು, ಹೇಳಿದ್ದು ಹಗ್ಗದ ತನಕ ಕೇಳಿಸಿತು. ಅಲ್ಲಿ ಗುಬ್ಬಿಯವರು ನಾಲ್ಕು ಜನ ನಿಂತಿದ್ದರು. ಭಾವ ಮೇಲಿದ್ದ ಕೈ ಇಳಿಸಿದರು. ತಟ್ಟೆಯ ವ್ಯಾಪಾರ ನಾನು ಹೇಳಿದ ಬೆಲೆಗೆ ಮುಗಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಭಾವ ಕಿಟಕಿಯ ಪಕ್ಕ ಕೂತಿದ್ದರು. ಕುಣಿಗಲ್ ಹತ್ತಿರ ಬಂದಾಗ ಕೇಳಿದರು: “ವ್ಯಾಪಾರ ಆಯ್ತಾ?”

“ಆಯ್ತು ಭಾವ.”

“ಒಳ್ಳೇದಾಯ್ತು ಬುಡು.”

ಅಷ್ಟೇ. ಅದಕ್ಕಿಂತ ಎರಡು ಬಾರಿಸಿದ್ದರೆ ಅಗ್ಗದಲ್ಲಿ ಮುಗಿದುಹೋಗುತ್ತಿತ್ತು.

ಆ ಪದ ನಮಗಿಂತ ಮೊದಲೇ ಗುಬ್ಬಿ ತಲುಪಿತ್ತು. ಹದಿನೈದು ವರ್ಷ ‘ಪಿಚ್ಚರ್ ಹುಚ್ಚ’ ಎಂದು ಕರೆದು ಬಾಯಿ ಸವೆದಿದ್ದ ಜನಕ್ಕೆ ಹೊಸ ಮಾಲು ಸಿಕ್ಕಿತು. ‘ಬಾಲಂಗೋಚಿ ಟೈಲರ್’ ಎಂದೇ ಅಂಗಡಿಗೆ ಹೆಸರಾಯಿತು. ಅವರ ಸೈಕಲ್ಲಿನ ಹಿಂದೆ ಯಾರೋ ಚಿಂದಿ ಕಟ್ಟಿದರು. ಭಾವ ಅದಕ್ಕೂ ಜೋರಾಗಿಯೇ ಜವಾಬು ಕೊಡುತ್ತಿದ್ದರು: “ಹೌದು ಕಣ್ರಲೇ. ಬಾಲಂಗೋಚಿ ಇಲ್ದೆ ಪಟ ಹಾರ್ಸಿ ನೋಡಣ, ಎಲ್ಲೋಗ್ ಬೀಳ್ತದೆ ಅಂತ!” ಆದರೆ ಸಂಘದವರಿಗೆ ಅವರಂಥ ಬಾಯಿರಲಿಲ್ಲ. ಅಧ್ಯಕ್ಷರು ಹುಚ್ಚರಾದರೆ ಸಂಘಕ್ಕೆ ಕೀರ್ತಿ. ಅಧ್ಯಕ್ಷರು ಬಾಲಂಗೋಚಿಯಾದರೆ ನಾಚಿಕೆ. ‘ನಿಮ್ಮ ಸ್ವಂತ ಬಾಮೈದಾನೇ ಹಂಗಂದಮ್ಯಾಕೆ’ ಎಂದು ಶುರುಮಾಡಿ, ಮುಂದಿನ ಪೆಟ್ಟಿಗೆ ಬರುವ ಹೊತ್ತಿಗೆ ಬೇರೆಯವರ ಕೈಗೆ ಆರತಿ ತಟ್ಟೆ ಕೊಟ್ಟರು. ಅವತ್ತು ಭಾವ ಅಂಗಡಿಯೊಳಗೆ ಕೂತು ವಾಲಗ ಹೋಗುವುದನ್ನು ಕೇಳಿಸಿಕೊಂಡರಂತೆ. ಹೊರಗೆ ಬರಲಿಲ್ಲವಂತೆ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ಅಕ್ಕ ತುಮಕೂರಿಗೆ ಬಂದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಗಲ್ಲಾದ ಎದುರಿಗೆ ನಿಂತಳು.

“ಗೊತ್ತಿಲ್ವೇನೋ ನಿಂಗೆ?”

“ಕೂತ್ಕಳಕ್ಕ, ಕಾಫಿ…”

“ನನ್ ಕುತ್ಗೆಗೆ ತಾಳಿ ಕಟ್ಟಿದ್ದು ಯಾರು ಅಂತ ಗೊತ್ತಿಲ್ವಾ? ನೀನು ಸೈಕಲ್ ಮ್ಯಾಲೆ ಪಾತ್ರೆ ಹೊತ್ಕಂಡ್ ಬೀದಿ ತಿರುಗೋವಾಗ ಮೂರು ವರ್ಷ ಅನ್ನ ಹಾಕಿದ್ದು ಯಾರು ಅಂತ ಗೊತ್ತಿಲ್ವಾ?”

“ಅಕ್ಕಾ, ಬಾಯಿ ತಪ್ಪಿ ಒಂದ್ ಮಾತು…”

“ಆ ಮಾತಿಗಲ್ಲ ಕಣೋ. ಮಾತು ಊರೆಲ್ಲ ಅಂದೈತೆ, ನಾನೂ ದಿನಾ ಅಂತೀನಿ. ಹುಚ್ಚ ಅಂದ್ರೂ ನನ್ ಗಂಡ ಅಂತ ಇಟ್ಕಂಡೇ ಅಂದಿದೀನಿ. ನೀನು ಗೊತ್ತೇ ಇಲ್ಲ ಅಂದೆ. ಆಯ್ತು ಬುಡು. ಇವತ್ತಿಂದ ನಂಗೂ ನೀನು ಗೊತ್ತಿಲ್ಲ.”

ಹೋದಳು. ಒಂದು ಲೋಟ ನೀರನ್ನೂ ಮುಟ್ಟಲಿಲ್ಲ.

ಒಂದು ತಿಂಗಳಿಗೆ ಇಳಿಯುತ್ತಾಳೆ ಎಂದುಕೊಂಡೆ. ನನ್ನ ಅನುಭವದಲ್ಲಿ ಎದ್ದು ಹೋದ ಗಿರಾಕಿಗಳಲ್ಲಿ ಹತ್ತಕ್ಕೆ ಎಂಟು ಜನ ರಸ್ತೆ ದಾಟುವ ಮೊದಲೇ ತಿರುಗಿ ಬರುತ್ತಾರೆ. ಅಕ್ಕ ತಿರುಗಲಿಲ್ಲ. ಪ್ರೆಷರ್ ಕುಕ್ಕರ್ ಕಳಿಸಿದೆ. ಅದೇ ಬಸ್ಸಿನಲ್ಲಿ, ಅದೇ ಕಂಡಕ್ಟರ ಕೈಯಲ್ಲಿ ವಾಪಸು ಬಂತು. ಹಂಡೆ ಕಳಿಸಿದೆ, ವಾಪಸು. ಮೂರನೆಯ ಸಲ ಕಂಡಕ್ಟರು, ‘ಸಾರ್, ಗುಬ್ಬಿ ತನಕ ಯಾಕೆ, ಬಸ್ ಸ್ಟ್ಯಾಂಡ್ ಸುತ್ತಾಕ್ಸಿ ವಾಪಸ್ ಕೊಟ್ಬಿಡ್ಲಾ?’ ಎಂದು ಕೇಳಿದ. ನನ್ನ ಹೆಂಡತಿಯ ಜೊತೆ ಮಾತ್ರ ಅಕ್ಕ ಮಾತು ಬಿಡಲಿಲ್ಲ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಕೊಡಬೇಕಾದವನು ನಾನೇ, ಅಪ್ಪ ಅಮ್ಮ ಇರಲಿಲ್ಲ. ಪ್ರತಿ ವರ್ಷ ಇಬ್ಬರೂ ಹೋಗುತ್ತಿದ್ದೆವು. ಅಕ್ಕ ನನ್ನ ಹೆಂಡತಿಯ ಕೈಯಿಂದ ಮೊರ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಊಟಕ್ಕೆ ನನಗೂ ಎಲೆ ಹಾಕುತ್ತಿದ್ದಳು. ಆದರೆ ಕೇಳುತ್ತಿದ್ದದ್ದು ನನ್ನ ಹೆಂಡತಿಯನ್ನು: “ನಿಮ್ಮೆಜಮಾನ್ರಿಗೆ ಸಾರು ಬೇಕೇನಮ್ಮ ಕೇಳು.” ಒಂದಡಿ ಅಂತರದಲ್ಲಿ ಕೂತಿದ್ದೆ! “ಬೇಕು ಅಕ್ಕ” ಎಂದರೆ ಅವಳಿಗೆ ಕೇಳಿಸುತ್ತಿರಲಿಲ್ಲ. ನನ್ನ ಹೆಂಡತಿ “ಬೇಕಂತೆ” ಎಂದಮೇಲೆ ಸಾರು ಬೀಳುತ್ತಿತ್ತು. ಎಂಟು ಹಬ್ಬ ಹೀಗೇ ಉಂಡೆ.

ಭಾವ ಮಾತ್ರ ಎಂದಿನ ಹಾಗೆ. ತುಮಕೂರಿಗೆ ನೂಲು, ಗುಂಡಿ ಕೊಳ್ಳಲು ಬಂದಾಗೆಲ್ಲ ಅಂಗಡಿಗೆ ಬರುವರು, ಕಾಫಿ ಕುಡಿಯುವರು, ಹೊಸ ಸಿನಿಮಾದ ಸುದ್ದಿ ಹೇಳುವರು. ನಾನು ಎರಡು ಸಲ ‘ಭಾವ, ಅವತ್ತು…’ ಎಂದು ಶುರುಮಾಡಿದೆ. ಎರಡು ಸಲವೂ ‘ಬಿಸಿಲು ಜಾಸ್ತಿಯಾಯ್ತಲ್ಲಯ್ಯ ಈ ವರ್ಷ’ ಎಂದರು. ಅದಾದ ಮೇಲಿನ ಮೊದಲನೆಯ ಯುಗಾದಿಗೆ ಒಂದು ಪೊಟ್ಟಣ ತಂದುಕೊಟ್ಟರು. ಬಿಚ್ಚಿದರೆ ಆ ತಿಳಿನೀಲಿ ಶರಟು. ನಾಯಿಕಿವಿ ಕಾಲರನ್ನು ಬಿಚ್ಚಿ ಸಾದಾ ಕಾಲರು ಹಾಕಿದ್ದರು. ಸೊಂಟದ ಹತ್ತಿರ ಎರಡು ಬೆರಳು ಅಗಲ ಬಿಟ್ಟಿದ್ದರು.

“ನಿನ್ ಅಳತೇದೇ ಅಲ್ವಾ. ಬೇರೆ ಯಾರಿಗಾಗ್ತದೆ?” ಎಂದರು. “ಕಾಲರ್ ಬದ್ಲಾಯ್ಸಿದೀನಿ. ವ್ಯಾಪಾರಸ್ಥರಿಗೆ ಅದೆಲ್ಲ ಸರಿಹೋಗಲ್ಲ.”

ಬೈದರೆ ಬೈಯಬಹುದು. ಇದಕ್ಕೆ ಏನು ಹೇಳುತ್ತೀರಿ? ಹಾಕಿಕೊಂಡೆ. ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ. ಅಂಥ ಶರಟು ಆಮೇಲೆ ನನಗೆ ಯಾರೂ ಹೊಲಿದುಕೊಟ್ಟಿಲ್ಲ. ಎರಡು ಸಲಕ್ಕಿಂತ ಹೆಚ್ಚು ಅದನ್ನು ಹಾಕಲೂ ಆಗಲಿಲ್ಲ.

ಎಂಬತ್ತರ ದಶಕದ ನಡುವೆ ರೆಡಿಮೇಡ್ ಬಟ್ಟೆ ಬಂತು. ಭಾವನ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದರು, ಎದೆಯಲ್ಲಿ ಉಸಿರೂ ಕಡಿಮೆಯಾಯಿತು. ಒಂದು ಬೆಳಿಗ್ಗೆ ಗುಬ್ಬಿಯಿಂದ ಬಂದ ಬಸ್ಸಿನ ಕಂಡಕ್ಟರು ಅಂಗಡಿಯ ಮುಂದೆ ನಿಂತು, ನಿಮ್ಮ ಭಾವನಿಗೆ ಎದೆನೋವಂತೆ, ವ್ಯಾನಿನಲ್ಲಿ ಆಸ್ಪತ್ರೆಗೆ ತಂದಿದ್ದಾರೆ ಎಂದ. ಅಂಗಡಿಯನ್ನು ಹಾಗೇ ಬಿಟ್ಟು ಓಡಿದೆ.

ವರಾಂಡದಲ್ಲಿ ಭಾವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಅಕ್ಕ ತಲೆಯ ಹತ್ತಿರ ನಿಂತಿದ್ದಳು. ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದಳು. ಕಿಟಕಿಯೊಳಗಿನ ಗುಮಾಸ್ತರು ಫಾರಂ ತುಂಬುತ್ತ ತಲೆಯೆತ್ತದೆ ಕೇಳಿದರು: “ಪೇಷೆಂಟ್ ಕಡೆಯೋರು ಯಾರ್ರೀ? ನೀವೇನಾಗ್ಬೇಕು?”

“ಭಾವ” ಎಂದೆ. ನನಗೇ ಕೇಳಿಸಲಿಲ್ಲ.

“ಏನು?”

ಆಗ ಹಿಂದಿನಿಂದ ಅಕ್ಕನ ದನಿ ಬಂತು. ಗೋಡೆಯ ಕಡೆಯೇ ಮುಖ ಮಾಡಿಕೊಂಡಿದ್ದಳು.

“ಜೋರಾಗಿ ಹೇಳೋ. ಅವರಿಗೆ ಕೇಳಿಸ್ಬೇಕು.”

ಗುಮಾಸ್ತರಿಗಲ್ಲ ಎಂದು ನನಗೆ ಗೊತ್ತಾಯಿತು. ಸ್ಟ್ರೆಚರಿನ ಕಡೆ ತಿರುಗಿದೆ. “ನಮ್ಮ ಭಾವ ಸಾರ್! ನಮ್ಮಕ್ಕನ ಗಂಡ! ಗುಬ್ಬಿ ಟೈಲರ್ರು!” ಎಂದು ಕೂಗಿದೆ. ನನ್ನ ಗಂಟಲು ನಿಮಗೆ ಗೊತ್ತಲ್ಲ. ಇಡೀ ವರಾಂಡ ತಿರುಗಿ ನೋಡಿತು. ಒಬ್ಬ ನರ್ಸಮ್ಮ ಶ್ಶ್ ಎಂದು ಬೆರಳಿಟ್ಟರು. ಭಾವ ಕಣ್ಣು ತೆರೆದು ನನ್ನನ್ನೇ ನೋಡಿದರು. ತುಟಿ ಅಲುಗಿತು. ಬಾಗಿ ಕಿವಿಗೊಟ್ಟೆ.

“ಸಾಕು ಬುಡಯ್ಯಾ,” ಎಂದರು. “ಬ್ಯಾರೆಯೋರು ಮಲ್ಗವ್ರೆ.”

ಮೂರು ದಿನ ಇದ್ದರು. ನಾನು ಮೂರು ದಿನವೂ ಬೆಂಚು ಬಿಟ್ಟು ಏಳಲಿಲ್ಲ. ಮೂರು ದಿನವೂ ಅಕ್ಕ ನನ್ನ ಜೊತೆ ಮಾತಾಡಿದಳು: ಕಾಫಿ ತಾ, ಡಾಕ್ಟರು ಏನಂದ್ರು, ಹೊದಿಕೆ ಸರಿಮಾಡು. ಎಂಟು ವರ್ಷ ಕಾದ ಮಾತುಗಳು ಇವೇ. ಅವಳು ಈಗಲೂ ಮಾತಾಡುತ್ತಾಳೆ, ಬೈಯುತ್ತಾಳೆ, ಸಾರು ಬೇಕೇನೋ ಎಂದು ನನ್ನನ್ನೇ ಕೇಳುತ್ತಾಳೆ. ಆದರೆ ಅವಳ ಗಂಡ ಕೇಳಿಸಿಕೊಳ್ಳಬೇಕಾದ ಮಾತನ್ನು ನಾನು ಹೇಳಿದ್ದು ಅವರು ಹೋಗುವುದಕ್ಕೆ ಮೂರು ದಿನ ಮುಂಚೆ ಎಂಬುದನ್ನು ಅವಳೂ ಮರೆತಿಲ್ಲ, ನಾನೂ ಮರೆತಿಲ್ಲ.

ಇನ್ನು ಸಲಹೆ. ನೀವು ಕೇಳದಿದ್ದರೂ ಕೊಡುತ್ತೇನೆ, ನನ್ನ ಅಭ್ಯಾಸವೇ ಅದು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸಿನಿಮಾದವರೋ, ಕ್ರಿಕೆಟ್ಟಿನವರೋ, ನಾಟಕದವರೋ. ಮನೆಯೊಳಗೆ ಏನು ಬೇಕಾದರೂ ಕರೆಯಿರಿ. ಹುಚ್ಚ ಅನ್ನಿ, ತಿಕ್ಲು ಅನ್ನಿ, ನಾಲಿಗೆಗೆ ಬಂದದ್ದು ಅನ್ನಿ, ಅವರು ತಡೆದುಕೊಳ್ಳುತ್ತಾರೆ. ಆದರೆ ಅವರ ಜೊತೆ ಬಸ್ಸು ಹತ್ತುವ ಮುಂಚೆ, ‘ಇವರು ನಿಮಗೇನಾಗಬೇಕು?’ ಎಂಬ ಪ್ರಶ್ನೆಗೆ ಉತ್ತರವನ್ನು ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಮೂರು ಸಲ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಆ ಪ್ರಶ್ನೆ ಬರುವುದು ಎದುರಿಗೆ ಲಾಭ ಕುರ್ಚಿ ಹಾಕಿಕೊಂಡು ಕೂತಿರುವಾಗ. ಯೋಚಿಸಲು ಸಮಯ ಸಿಗುವುದಿಲ್ಲ. ಆಸ್ಪತ್ರೆಯ ಕಿಟಕಿಯಲ್ಲೂ ಅದೇ ಪ್ರಶ್ನೆ ಕೇಳುತ್ತಾರೆ, ನಿಜ. ಅಲ್ಲಿಯ ತನಕ ಕಾಯಬೇಡಿ.